ಕೆರೆಗೆ ಬಂದ ಅನುದಾನ ಹನ್ನೊಂದೇ ದಿನಕ್ಕೆ ಮುಗಿಯಿತು. ಈ ಸಲ ಹೇಗೆ ಕೇಳೋಣ?

ಏರಿಮನೆ (ಶಿರಸಿ ತಾಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮೂರು ಶಿರಸಿ ಪೇಟೆಯಿಂದ ಹನ್ನೆರಡು ಕಿಲೋಮೀಟರ್. ಊರಿಗೆ ಇರುವುದು ಒಂದೇ ಕೆರೆ, ಎರಡು ಎಕರೆ ಆಗಬಹುದು. ಕೆಳಗೆ ಅಡಿಕೆ ತೋಟ, ತೋಟದ ಕೆಳಗೆ ಗದ್ದೆ. ನಮ್ಮ ಮನೆ ಏರಿಗೆ ತಾಗಿಕೊಂಡೇ ಇದೆ. ಮಳೆಗಾಲದಲ್ಲಿ ಕೋಡಿ ಬಿದ್ದ ಸದ್ದು ಮಲಗಿದಲ್ಲಿಗೇ ಕೇಳುತ್ತದೆ.

ಮೂರು ವರ್ಷದ ಹಿಂದೆ ಹೂಳೆತ್ತಲು ಒಂದು ಕಡೆಯಿಂದ ದೊಡ್ಡ ಅನುದಾನ ಬಂತು. ಕೊಟ್ಟವರ ಹೆಸರು ಹೇಳುವುದಿಲ್ಲ. ಅವರ ಮನಸ್ಸು ಒಳ್ಳೆಯದೇ ಇತ್ತು. ಏಪ್ರಿಲ್‌ನಲ್ಲಿ ಹಿಟಾಚಿ ಬಂತು, ಟಿಪ್ಪರ್ ಬಂದವು, ಹನ್ನೊಂದು ದಿನ ಹಗಲು ಪೂರ್ತಿ ಕೆಲಸ. ನಾನು ದಿನಾ ಏರಿ ಮೇಲೆ ನಿಂತು ನೋಡುತ್ತಿದ್ದೆ. ಮೊದಲ ಎಂಟು ದಿನ ಕಪ್ಪು ಗೋಡು (ಹೂಳು ಮಣ್ಣು) ಬಂತು. ಕೊಳೆತ ಎಲೆಯ ವಾಸನೆ, ಮಧ್ಯೆ ಮಧ್ಯೆ ಒಡೆದ ಮಡಕೆ ಚೂರು. ಒಂಬತ್ತನೇ ದಿನ ಬಣ್ಣ ಬದಲಾಯಿತು. ಬೂದು ಬಣ್ಣದ ಜಿಗುಟು ಜೇಡಿ, ಬಕೆಟ್ ಹಲ್ಲಿನ ಗೆರೆ ಅದರ ಮೇಲೆ ಅಚ್ಚು ಒತ್ತಿದ ಹಾಗೆ ಕಾಣುತ್ತಿತ್ತು. ಅದರ ಕೆಳಗೆ ಹಳದಿ ಗರಸು ಮಣ್ಣು. ಅಪ್ಪಯ್ಯ ಕೋಲೂರಿಕೊಂಡು ಬಂದು, ಒಂದು ಉಂಡೆ ಕೈಯಲ್ಲಿ ಹಿಸುಕಿ ನೋಡಿ, "ಸಾಕು, ನಿಲ್ಸಿ. ತಳ ಒಡದೋತು" ಎಂದರು. ಆದರೆ ಅಂದಾಜು ಪಟ್ಟಿಯಲ್ಲಿ ಬರೆದ ಆಳಕ್ಕೆ ಇನ್ನೂ ಎರಡಡಿ ಬಾಕಿ ಇತ್ತು. ಅಷ್ಟು ತೆಗೆಯದಿದ್ದರೆ ಬಿಲ್ ಆಗುವುದಿಲ್ಲ ಎಂದರು. ತೆಗೆದೇಬಿಟ್ಟರು.

ಜುಲೈಯಲ್ಲಿ ಕೆರೆ ತುಂಬಿತು. ಎಲ್ಲರಿಗೂ ಖುಷಿ. ಮೊದಲೆಲ್ಲ ಎಂಥಾ ಬೇಸಿಗೆಯಾದರೂ ಏಪ್ರಿಲ್ ಕೊನೆಯವರೆಗೆ ತೂಬಿನ ಮಟ್ಟಕ್ಕೆ ನೀರು ಇರುತ್ತಿತ್ತು. ಆ ವರ್ಷ ಶಿವರಾತ್ರಿಗೇ ತಳ ಕಂಡಿತು. ಮಾರಿಕಾಂಬಾ ಜಾತ್ರೆಗೆ ಬಂದ ನೆಂಟರು "ಇದೇನು, ಹೊಸ ಕೆರೆ ಅಂದಿದ್ರಿ?" ಎಂದು ಕೇಳಿದಾಗ ಏನು ಹೇಳುವುದು ಗೊತ್ತಾಗಲಿಲ್ಲ.

ಈಗ ನಮ್ಮ ಸೊಸೈಟಿಯವರು (ಸಹಕಾರಿ ಸಂಘ) ಲಾಭದಲ್ಲಿ ಊರ ಕೆಲಸಕ್ಕೆ ಎತ್ತಿಟ್ಟ ಹಣದಲ್ಲಿ ಕೆರೆಗೆ ಎರಡು ಲಕ್ಷ ಕೊಡುವ ಮಾತಾಡಿದ್ದಾರೆ. ಅರ್ಜಿ ನಾನೇ ಬರೆಯಬೇಕು. ನನಗೆ ಅನಿಸುವುದು ಇಷ್ಟು: ಈ ದುಡ್ಡನ್ನು ಒಂದೇ ಸಲ ಕೇಳಬಾರದು, ಐದು ವರ್ಷಕ್ಕೆ ಹಂಚಿ ಕೇಳಬೇಕು. ಕೆರೆಯ ಒಳಗಿಗಿಂತ ಮೇಲಿನ ಬೆಟ್ಟಕ್ಕೆ ಜಾಸ್ತಿ ಖರ್ಚು ಮಾಡಬೇಕು. ಊರಲ್ಲಿ ಅರ್ಧ ಜನ ಒಪ್ಪುತ್ತಿಲ್ಲ. ಹೀಗೆ ಅನುದಾನ ತಂದು ಕೆಲಸ ಮಾಡಿದವರು ಇದ್ದರೆ ದಯವಿಟ್ಟು ಹೇಳಿ.

ಮಾಜಿ ಸದಸ್ಯೆ (ಸಿದ್ದಾಪುರ)

ತಮ್ಮಾ, ನಿಮ್ಮ ಬರಹ ಓದಿ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ನಾನು ಪಂಚಾಯ್ತಿಯಲ್ಲಿ ಐದು ವರ್ಷ ಇದ್ದವಳು. ಕೆರೆಗೆ ದುಡ್ಡಿಲ್ಲ ಎನ್ನುವ ಮಾತು ಪೂರ್ತಿ ನಿಜ ಅಲ್ಲ. ದುಡ್ಡು ಬರುವ ದಾರಿ ಹಲವು ಇವೆ, ಆದರೆ ಒಂದೊಂದಕ್ಕೂ ಒಂದೊಂದು ಷರತ್ತಿನ ಕಟ್ಟು.

15ನೇ ಹಣಕಾಸು ಆಯೋಗ 2021ರಿಂದ 26ರ ಅವಧಿಗೆ ಪಂಚಾಯ್ತಿಗೆ ಕೊಟ್ಟ ಅನುದಾನದಲ್ಲಿ ನೂರಕ್ಕೆ 60 ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿತ್ತು. ಅದರಲ್ಲಿ ಅರ್ಧ ಕುಡಿಯುವ ನೀರು, ಮಳೆನೀರು ಕೊಯ್ಲು, ನೀರಿನ ಮರುಬಳಕೆಗೆ. ಕೆರೆಗೆ ಬರುವ ಕಾಲುವೆ ರಿಪೇರಿ, ಇಂಗುಗುಂಡಿ ಇದನ್ನೆಲ್ಲ ನಾವು ಆ ಲೆಕ್ಕದಲ್ಲೇ ಕ್ರಿಯಾ ಯೋಜನೆಗೆ ಹಾಕಿಸಿದ್ದೆವು. ಆದರೆ ಯಾರಾದರೂ ವಾರ್ಡ್ ಸಭೆಗೆ ಬಂದು ಕೇಳಬೇಕು. ಮುಂದಿನ ವರ್ಷದ ಯೋಜನೆ ಅಕ್ಟೋಬರ್ 2ರಿಂದ ತಯಾರಾಗಲು ಶುರುವಾಗುತ್ತದೆ. ಜನ ಮಾರ್ಚ್‌ನಲ್ಲಿ ನೀರು ಬತ್ತಿದ ಮೇಲೆ ಬಂದು ಕೂಗುತ್ತಾರೆ. ಅಷ್ಟು ಹೊತ್ತಿಗೆ ಪಟ್ಟಿ ಮುಗಿದಿರುತ್ತದೆ.

ನರೇಗಾದಲ್ಲಿ ನಾವು ಎರಡು ಕೆರೆ ಮಾಡಿದೆವು. ಅಲ್ಲಿ ಗುತ್ತಿಗೆದಾರರು ಬರುವ ಹಾಗಿರಲಿಲ್ಲ, ಯಂತ್ರ ತರುವ ಹಾಗಿರಲಿಲ್ಲ, ಕೂಲಿ 60 ಸಾಮಗ್ರಿ 40 ಎನ್ನುವ ಲೆಕ್ಕ ಇತ್ತು. ಕೈಯಲ್ಲಿ ತೆಗೆಯುವಾಗ ಕೆಲಸ ನಿಧಾನ. ಆದರೆ ಒಂದು ಮಾತು ಹೇಳುತ್ತೇನೆ. ಬುಟ್ಟಿ ಹೊತ್ತ ಹೆಂಗಸರಿಗೆ ಯಾವುದು ಹೂಳು, ಯಾವುದು ತಳ ಅಂತ ಕಾಲಿಗೇ ಗೊತ್ತಾಗುತ್ತದೆ. ಅವರು ಜೇಡಿ ಕಂಡ ಕೂಡಲೇ ನಿಲ್ಲಿಸಿದರು. ನಮ್ಮ ಆ ಎರಡು ಕೆರೆಗಳು ಈಗಲೂ ನೀರು ಹಿಡಿಯುತ್ತವೆ.

ಇನ್ನೊಂದು. ಸೊಸೈಟಿ ದುಡ್ಡು ಯಾರ ಹೆಸರಿಗೆ ಬರುತ್ತದೆ? ಕೆರೆ ಪಂಚಾಯ್ತಿಯದಾ, ಅರಣ್ಯದ್ದಾ, ಖಾಸಗಿಯದಾ? ಅದನ್ನು ಮೊದಲು ನೋಡಿ. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಕೆರೆಗಳು ಬೆಟ್ಟದ ಸರ್ವೆ ನಂಬರಿನ ಒಳಗೇ ಇರುತ್ತವೆ. ಅರಣ್ಯ ಜಾಗವಾದರೆ ಇಲಾಖೆಯ ಒಪ್ಪಿಗೆ ಇಲ್ಲದೆ ಒಂದು ಗುದ್ದಲಿ ಮಣ್ಣೂ ತೆಗೆಯಬೇಡಿ. ನಿಮ್ಮಲ್ಲಿ ಗ್ರಾಮ ಅರಣ್ಯ ಸಮಿತಿ ಇದ್ದರೆ ಅದರ ಮೂಲಕ ಹೋಗುವುದು ಸುಲಭ.

ಬಕೆಟ್ (ಮುಂಡಗೋಡ)

ನಾನು ಹದಿನಾಲ್ಕು ವರ್ಷದಿಂದ ಯಂತ್ರ ಓಡಿಸುವವನು. ಕೆರೆ ಕೆಲಸ ಸುಮಾರು ಮಾಡಿದ್ದೇನೆ. ಮೇಲೆ ಬರೆದಿರುವುದು ಸರಿ, ತಪ್ಪು ನಮ್ಮ ಕಡೆಯಿಂದಲೂ ಆಗುತ್ತದೆ. ಆದರೆ ಅದರ ಕಾರಣ ತಿಳಿದಿರಲಿ.

ನಮಗೆ ದುಡ್ಡು ಕೊಡುವುದು ಗಂಟೆ ಲೆಕ್ಕದಲ್ಲಿ ಅಥವಾ ಲೋಡ್ ಲೆಕ್ಕದಲ್ಲಿ. ಎರಡರಲ್ಲೂ ಜಾಸ್ತಿ ತೆಗೆದಷ್ಟು ಜಾಸ್ತಿ ದುಡ್ಡು. "ಇಲ್ಲಿಗೆ ಸಾಕು" ಎಂದು ಹೇಳುವವರಿಗೆ ಯಾರೂ ಏನೂ ಕೊಡುವುದಿಲ್ಲ. ಹಳೇ ಕೆರೆಯ ತಳದ ಜೇಡಿ ಎಂದರೆ ಪಾತ್ರೆಯ ಕಲಾಯಿ ಇದ್ದ ಹಾಗೆ. ಹಿಂದಿನವರು ಎಮ್ಮೆ ಇಳಿಸಿ ತುಳಿಸಿ ತುಳಿಸಿ ಗಟ್ಟಿ ಮಾಡಿದ್ದು. ಅದನ್ನು ಕೆರೆದರೆ ನೀರು ನಿಲ್ಲುವುದಿಲ್ಲ.

ಕೆಲಸಕ್ಕೆ ಮೊದಲು ಕೆರೆಯಲ್ಲಿ ಐದಾರು ಕಡೆ ಕೈಗುದ್ದಲಿಯಿಂದ ಗುಂಡಿ ತೋಡಿಸಿ. ಎಷ್ಟು ಅಡಿಗೆ ಜೇಡಿ ಸಿಕ್ಕಿತು ಎಂದು ಬರೆದಿಡಿ. ಅಲ್ಲೊಂದು ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿ. ಅದಕ್ಕಿಂತ ಒಂದಡಿ ಮೇಲೇ ನಿಲ್ಲಿಸಬೇಕು ಎಂದು ಕರಾರಿನಲ್ಲಿ ಹಾಕಿ. ಇದಕ್ಕೆ ಒಂದು ದಿನದ ಕೂಲಿ ಸಾಕು. ಅಂಚನ್ನು ನೇರ ಗೋಡೆಯ ಹಾಗೆ ಕತ್ತರಿಸಲು ಬಿಡಬೇಡಿ. ದನ ಇಳಿದು ಹತ್ತುವ ಹಾಗೆ ಇಳಿಜಾರು ಇರಲಿ. ಏರಿ ಬುಡದಿಂದ ಮಣ್ಣು ತೆಗೆಯಲೇಬೇಡಿ, ಏರಿ ಕುಸಿಯುತ್ತದೆ.

ಒಡೆದ ತಳಕ್ಕೆ ಮದ್ದು ಇದೆ. ಬೇರೆ ಕಡೆಯ ಜೇಡಿ ತಂದು ಹರಡಿ, ನೀರು ಹಾಕಿ, ರೋಲರ್ ಆಡಿಸಬೇಕು. ಖರ್ಚು ಬರುತ್ತದೆ. ಪೂರ್ತಿ ಕೆರೆಗೆ ಬೇಡ, ಒಡೆದ ಭಾಗಕ್ಕೆ ಮಾತ್ರ ಮಾಡಿ ನೋಡಿ.

ಯಲ್ಲಾಪುರದವ (ಈಗ ಬೆಂಗಳೂರು)

ಏರಿಮನೆಯವರೇ, ಎರಡು ಲಕ್ಷವನ್ನು ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 40 ಸಾವಿರ. ಅದರಲ್ಲಿ ಏನಾಗುತ್ತದೆ? ನಾನು ಕೆಲಸ ಮಾಡುವ ಕಡೆ ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ದುಡ್ಡು ಹೇಗೆ ಹೋಗುತ್ತದೆ ಎಂದು ನೋಡಿದ್ದೇನೆ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ನೂರಕ್ಕೆ ಎರಡು ಪಾಲು ಸಮಾಜದ ಕೆಲಸಕ್ಕೆ ಕೊಡಲೇಬೇಕು. ಪರಿಸರ, ನೀರು ಎಲ್ಲ ಅದರಲ್ಲಿ ಬರುತ್ತದೆ. ಸುಮ್ನೆ ಸಣ್ಣದು ಕೇಳುವ ಬದಲು ದೊಡ್ಡದೇ ಕೇಳಿ ಒಂದೇ ಸಲ ಸರಿ ಮಾಡಿಸಿಕೊಳ್ಳುವುದು ಒಳ್ಳೆಯದಲ್ವಾ?

ಲೆಕ್ಕವನ್ನೇ ನೋಡಿ. ಒಂದು ಎಕರೆಯಲ್ಲಿ ಒಂದು ಮೀಟರ್ ಹೂಳು ತೆಗೆದರೆ 4,047 ಘನ ಮೀಟರ್. ಅಂದರೆ 40 ಲಕ್ಷ ಲೀಟರ್ ನೀರು ಜಾಸ್ತಿ ನಿಲ್ಲುತ್ತದೆ. ನಿಮ್ಮ ಎರಡು ಎಕರೆಗೆ 80 ಲಕ್ಷ ಲೀಟರ್. ಇದು ಸಣ್ಣ ಮಾತಲ್ಲ.

ಏರಿಮನೆ

ಲೆಕ್ಕ ಸರಿ ಇದೆ. ಇದೇ ಲೆಕ್ಕ ತೋರಿಸಿಯೇ ಮೂರು ವರ್ಷದ ಹಿಂದೆ ನಮ್ಮನ್ನು ಒಪ್ಪಿಸಿದ್ದು. ಆದರೆ ನಿಲ್ಲಲಿಲ್ಲವಲ್ಲ. ಜಾಗ ಮಾಡಿಕೊಟ್ಟ ಮಾತ್ರಕ್ಕೆ ನೀರು ನಿಲ್ಲುವುದಿಲ್ಲ.

ಅದೇ ಲೆಕ್ಕ ಬೆಟ್ಟಕ್ಕೆ ಹಾಕಿ ನೋಡಿ. ನಮ್ಮಲ್ಲಿ ವರ್ಷಕ್ಕೆ ಎರಡೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಒಂದು ಎಕರೆ ಬೆಟ್ಟದ ಮೇಲೆ ಬೀಳುವ ನೀರೇ ಒಂದು ಕೋಟಿ ಲೀಟರ್. ಕೆರೆ ಮೇಲೆ ಬೆಟ್ಟ ಎಷ್ಟು ಎಕರೆ ಇದೆ! ಅದರಲ್ಲಿ ಸ್ವಲ್ಪ ಇಂಗಿದರೂ ಮಾರ್ಚ್, ಏಪ್ರಿಲ್‌ನಲ್ಲಿ ಕೆರೆಯ ಮೇಲಿನ ಮೂಲೆಯಲ್ಲಿ ಜಲ ಒಸರುತ್ತದೆ. ನಾನು ಸಣ್ಣವನಿದ್ದಾಗ ಆ ಮೂಲೆಯಲ್ಲಿ ಕಾಲಿಟ್ಟರೆ ತಣ್ಣಗೆ ಅನಿಸುತ್ತಿತ್ತು. ಮೇಲೆ ಬಿಸಿ ನೀರು, ಕೆಳಗೆ ಹಿಮದಂಥ ನೀರು. ಈಗ ಆ ಒಸರು ಇಲ್ಲ. ಕೆರೆ ಬತ್ತಿದ್ದು ಮೊದಲು ಅಲ್ಲಿಂದ.

ಆಮೇಲೆ ಕಂಪನಿಯವರ ವಿಷಯ. ನಾವು ವಿಚಾರಿಸಿದ್ದೆವು. ಸಂಘ ನೋಂದಣಿ ಆಗಿರಬೇಕು, ಆದಾಯ ತೆರಿಗೆಯ 12ಎ, 80ಜಿ ನೋಂದಣಿ ಬೇಕು, 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನೋಂದಣಿಯೂ ಬೇಕು. ನಮ್ಮ ಊರಿನ ಇಪ್ಪತ್ತಾರು ಮನೆಗೆ ಇದೆಲ್ಲ ಮಾಡಿಸಿ ವರ್ಷ ವರ್ಷ ಆಡಿಟ್ ಕೊಡುವುದು ಆಗದ ಮಾತು. ಅದನ್ನೆಲ್ಲ ಇಟ್ಟುಕೊಂಡ ದೊಡ್ಡ ಸಂಸ್ಥೆಯ ಕೈಗೆ ಕೆರೆ ಕೊಟ್ಟರೆ ಕೆಲಸ ಅವರ ಅನುಕೂಲಕ್ಕೆ ಆಗುತ್ತದೆ. ಮಾರ್ಚ್ 31ರೊಳಗೆ ಖರ್ಚು ತೋರಿಸಬೇಕು ಎನ್ನುವುದು ಅವರ ಕಷ್ಟ. ಕೆರೆಗೆ ಮಾರ್ಚ್ 31 ಅಂತ ಏನೂ ಇಲ್ಲ.

ಮೇಷ್ಟ್ರು (ಕಾರವಾರ)

ಈ ಚರ್ಚೆ ಓದುತ್ತಾ ನನಗೆ ಬನವಾಸಿ ನೆನಪಾಯಿತು. ಮಧುಕೇಶ್ವರ ದೇವಸ್ಥಾನದ ಆವರಣದಲ್ಲಿ ಐದು ಹೆಡೆಯ ನಾಗಶಿಲೆ ಇದೆ. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗೆಲ್ಲ ಅದರ ಮುಂದೆ ಜಾಸ್ತಿ ಹೊತ್ತು ನಿಲ್ಲಿಸುತ್ತಿದ್ದೆ. ಅದರ ಅಂಚಿನ ಪ್ರಾಕೃತ ಶಾಸನ ಕದಂಬರಿಗಿಂತ ಹಿಂದಿನದು, ಚುಟು ಸಾತಕರ್ಣಿಗಳ ಕಾಲದ್ದು. ರಾಜನ ಮಗಳು ನಾಗಶ್ರೀ ಮೂರು ವಸ್ತು ದಾನ ಮಾಡಿದ್ದನ್ನು ಅದು ಹೇಳುತ್ತದೆ: ಒಂದು ನಾಗಶಿಲೆ, ಒಂದು ಕೆರೆ, ಒಂದು ವಿಹಾರ. ಕೆತ್ತಿದ ಶಿಲ್ಪಿ ನಾಟಕ ಎಂಬವನ ಹೆಸರೂ ಇದೆ. ಅಂದರೆ ನಿಮ್ಮ ಶಿರಸಿ ತಾಲೂಕಿನಲ್ಲಿ ಕೆರೆಗೆ ಅನುದಾನ ಕೊಟ್ಟು ಬರೆದಿಟ್ಟದ್ದು ಸಾವಿರದ ಏಳುನೂರು ವರ್ಷಕ್ಕಿಂತ ಹಿಂದೆ!

ಇದೇ ಕದಂಬರ ಕಾಕುಸ್ಥವರ್ಮ ತಾಳಗುಂದದ ಶಿವಾಲಯದ ಹತ್ತಿರ ಕೆರೆ ತೋಡಿಸಿದ್ದನ್ನು ಅಲ್ಲಿನ ಕಂಬದ ಶಾಸನ ಹೇಳುತ್ತದೆ. ಆಮೇಲಿನ ಕಾಲದ ಕನ್ನಡ ಶಾಸನಗಳಲ್ಲಿ ನನಗೆ ಬಹಳ ಇಷ್ಟವಾಗುವ ಸಂಗತಿ ಒಂದಿದೆ. ಅಲ್ಲಿ ಕೆರೆ ಕಟ್ಟಿಸಿದ ಸುದ್ದಿಯ ಜೊತೆಗೆ ಕೆರೆ ನೋಡಿಕೊಳ್ಳಲು ಬಿಟ್ಟ ಭೂಮಿಯ ಸುದ್ದಿಯೂ ಇರುತ್ತದೆ. ಬಿತ್ತುವಟ್ಟ, ಕಟ್ಟುಗೊಡಗೆ ಎಂಬ ಮಾತುಗಳು ಅದಕ್ಕೇ ಇದ್ದವು. ಆ ಭೂಮಿಯ ಹುಟ್ಟುವಳಿಯಿಂದ ವರ್ಷ ವರ್ಷ ಹೂಳು ತೆಗೆಯಬೇಕು, ಏರಿ ಸರಿ ಮಾಡಬೇಕು, ಬಂಡಿಯಲ್ಲಿ ಮಣ್ಣು ಹೇರಬೇಕು. ಏರಿಮನೆಯವರು ಐದು ವರ್ಷಕ್ಕೆ ಹಂಚಿ ಕೇಳುತ್ತೇನೆ ಎಂದದ್ದು ಇದೇ ದಾರಿ. ಅದನ್ನು ಗಟ್ಟಿಯಾಗಿ ಹೇಳಿ. ಹೊಸ ವಿಚಾರ ಅಂತ ಯಾರೂ ಹೆದರಬೇಕಾಗಿಲ್ಲ.

ಗಜನಿ ಅಕ್ಕ (ಕುಮಟಾ)

ಘಟ್ಟದ ಮೇಲಿನವರ ಮಾತು ಕೇಳಿದೆ. ಕೆಳಗಿನವರದ್ದೂ ಸ್ವಲ್ಪ ಕೇಳಿ. ನಿಮ್ಮ ಬೆಟ್ಟದ ಮಣ್ಣು ನಿಮ್ಮ ಕೆರೆಯಲ್ಲಿ ನಿಲ್ಲದಿದ್ದರೆ ಹೊಳೆ ಹಿಡಿದು ನಮ್ಮ ಅಳಿವೆಗೇ ಬರುತ್ತದೆ. ಅಘನಾಶಿನಿ ಹುಟ್ಟುವುದು ಶಿರಸಿ ಹತ್ತಿರ, ಸೇರುವುದು ನಮ್ಮ ಹತ್ತಿರ. 2024ರ ಜನವರಿ ಕೊನೆಗೆ ನಮ್ಮ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಹೆಮ್ಮೆಯ ವಿಷಯವೇ. ಆದರೆ ಪಟ್ಟಿಗೆ ಸೇರಿದ್ದರಿಂದ ಊರ ಕೆರೆಗೆ ದುಡ್ಡು ತಾನಾಗಿ ಬರುವುದಿಲ್ಲ.

ನಮ್ಮ ಕಷ್ಟ ಬೇರೆ. ಬೇಸಿಗೆಯಲ್ಲಿ ಬಾವಿಗೆ ಉಪ್ಪು ನೀರು ಏರುತ್ತದೆ. ಮೇಲೆ ಚಿರೇಕಲ್ಲಿನ ದಿಬ್ಬದಲ್ಲಿ ಒಂದು ಕೆರೆ ಇದೆ, ಹತ್ತು ಗುಂಟೆಯೂ ಇಲ್ಲ. ಅದರಲ್ಲಿ ನೀರು ಇರುವಷ್ಟು ದಿನ ನಮ್ಮ ಕೇರಿಯ ಬಾವಿ ಸಿಹಿ. ಅದು ಬತ್ತಿದ ವಾರಕ್ಕೆ ಅನ್ನದ ರುಚಿ ಬದಲಾಗುತ್ತದೆ. ಇದನ್ನು ನಮ್ಮ ಅತ್ತೆ ಯಾವತ್ತೋ ಹೇಳುತ್ತಿದ್ದರು, ನಾವು ಕೇಳಿರಲಿಲ್ಲ.

ಅಷ್ಟು ಸಣ್ಣ ಕೆರೆಗೆ ಯಾವ ಯೋಜನೆಯೂ ಇಲ್ಲ. 2022ರಲ್ಲಿ ಶುರುವಾದ ಅಮೃತ ಸರೋವರಕ್ಕೂ ಕನಿಷ್ಠ ಒಂದು ಎಕರೆ ಬೇಕು, 10,000 ಘನ ಮೀಟರ್ ನೀರು ಹಿಡಿಯಬೇಕು. ನಮ್ಮ ಜಿಲ್ಲೆಯ ಎಷ್ಟು ಕೆರೆ ಅಷ್ಟು ದೊಡ್ಡದಿದೆ ಹೇಳಿ?

ನಮ್ಮ ಸ್ತ್ರೀಶಕ್ತಿ ಸಂಘಕ್ಕೆ ಒಂದು ಕಡೆಯಿಂದ ವರ್ಷಕ್ಕೆ ಮೂವತ್ತು ಸಾವಿರ, ಮೂರು ವರ್ಷ ಸಿಕ್ಕಿತು. ಮೊದಲ ವರ್ಷ ನೀರಿನ ಮೇಲಿನ ಕಳೆ ಅಂತರಗಂಗೆ ತೆಗೆದೆವು. ಹದಿನೆಂಟು ಜನ, ಒಂದು ವಾರ. ಬಿದಿರ ಕೋಲಿಗೆ ಹಗ್ಗ ಕಟ್ಟಿ ಎರಡೂ ದಡದಿಂದ ಎಳೆಯುವುದು. ಬೇರು ಒಂದಕ್ಕೊಂದು ಹೆಣೆದುಕೊಂಡು ಚಾಪೆಯ ಹಾಗೆ ಸುರುಳಿಯಾಗಿ ಬರುತ್ತಿತ್ತು. ಅದರ ಅಡಿಯಲ್ಲಿ ಸಣ್ಣ ಸೀಗಡಿ, ಮೀನಿನ ಮರಿ ಜಿಗಿಯುತ್ತಿದ್ದವು. ಅವನ್ನು ಬುಟ್ಟಿಯಲ್ಲಿ ಹಿಡಿದು ವಾಪಸ್ ಬಿಟ್ಟೆವು. ತೆಗೆದದ್ದೆಲ್ಲ ತೆಂಗಿನ ಬುಡಕ್ಕೆ ಗೊಬ್ಬರ. ಎರಡನೇ ವರ್ಷ ಮತ್ತೆ ಬಂದಿತ್ತು, ಆದರೆ ಮೂರು ದಿನದಲ್ಲಿ ಮುಗಿಯಿತು. ಮೂರನೇ ವರ್ಷ ಅರ್ಧ ದಿನದ ಕೆಲಸ. ಒಂದೇ ಸಲ ತೊಂಬತ್ತು ಸಾವಿರ ಕೊಟ್ಟಿದ್ದರೆ ನಾವು ಮೊದಲ ವರ್ಷವೇ ಮುಗಿಸಿಬಿಡುತ್ತಿದ್ದೆವು. ಎರಡನೇ ವರ್ಷ ಕಳೆ ಮತ್ತೆ ಮುಚ್ಚಿದಾಗ ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ಕೊಟ್ಟವರು ಎರಡನೇ ವರ್ಷ ತಾವೇ ಬಂದು ದಡದಲ್ಲಿ ಕೂತು ಲೆಕ್ಕದ ಪುಸ್ತಕ ನೋಡಿದರು. ಬೋರ್ಡು ಕೇಳಲಿಲ್ಲ, ಉದ್ಘಾಟನೆ ಕೇಳಲಿಲ್ಲ. ಅಂಥವರಿಗೆ ಲೆಕ್ಕ ಕೊಡಲು ನಮಗೂ ಖುಷಿ.

ಹಕ್ಕಿನೋಟ (ಸೋಂದಾ ಕಡೆ)

ಅಕ್ಕನ ಮಾತು ಮನಸ್ಸಿಗೆ ಮುಟ್ಟಿತು.

ನನ್ನದೊಂದು ಮನವಿ. ಅರ್ಜಿಯಲ್ಲಿ ಕೆರೆಯ ಎಲ್ಲ ಭಾಗವನ್ನೂ ಆಳ ಮಾಡುವುದು ಎಂದು ಬರೆಯಬೇಡಿ. ನಮ್ಮ ಸೋಂದಾದ ಮುಂಡಿಗೆಕೆರೆ ನೋಡಿದವರಿಗೆ ಗೊತ್ತು. ಮಳೆಗಾಲ ಶುರುವಾಗುವ ಹೊತ್ತಿಗೆ ಬೆಳ್ಳಕ್ಕಿಗಳು ಬಂದು ನೀರ ನಡುವಿನ ಮುಂಡಿಗೆ ಪೊದೆಗಳ ಮೇಲೆ ಗೂಡು ಕಟ್ಟುತ್ತವೆ. ಆ ಮುಳ್ಳಿನ ಪೊದೆ ನೋಡಲು ಚಂದ ಇಲ್ಲ ಅಂತ ಯಾರಾದರೂ ಕಿತ್ತು ಹಾಕಿದ್ದರೆ ಒಂದು ಹಕ್ಕಿಯೂ ಇರುತ್ತಿರಲಿಲ್ಲ. ಹಾವು, ಬೆಕ್ಕು ಸುಲಭಕ್ಕೆ ಹತ್ತದ ಜಾಗ ಅದು.

ಮೇಲಿನ ಕಡೆ, ನೀರು ಒಳಗೆ ಬರುವ ಜಾಗದಲ್ಲಿ ಮೊಣಕಾಲು ಆಳ ಇರಲಿ. ಜೊಂಡು, ಮುಂಡಿಗೆ ಇರಲಿ. ಅವು ಹೂಳನ್ನೂ ತಡೆಯುತ್ತವೆ. ಕೆರೆ ಸುತ್ತ ಇಂಟರ್‌ಲಾಕ್ ಹಾಕಿ ದೀಪದ ಕಂಬ ನಿಲ್ಲಿಸಲು ಅನುದಾನ ಕೇಳಬೇಡಿ. ಏರಿಯ ಹಿಂಭಾಗದ ಬುಡದಲ್ಲಿ ಲಾವಂಚ ನೆಡಿ, ಕೋಡಿ ಕೆಳಗೆ ಹೊಳೆಮತ್ತಿ, ನೇರಳೆ ನೆಡಿ. ಏರಿ ಮೇಲೆ ಮಾತ್ರ ದೊಡ್ಡ ಮರ ಬೇಡ, ಬೇರು ಕೊಳೆತ ದಾರಿಯಲ್ಲಿ ನೀರು ಸೋರುತ್ತದೆ.

ಮಾಜಿ ಸದಸ್ಯೆ

ಕೆರೆ ಸುತ್ತ ಕಲ್ಲು ಬೆಂಚು ಹಾಕುವುದು ನನ್ನ ಕಾಲದಲ್ಲೂ ಆಗಿದೆ. ಆಗ ವಿರೋಧಿಸಬೇಕಿತ್ತು, ಮಾಡಲಿಲ್ಲ.

ಯಲ್ಲಾಪುರದವ

ಗಜನಿ ಅಕ್ಕ, ನಿಮ್ಮ ಮೂರು ವರ್ಷದ ಲೆಕ್ಕ ನೋಡಿದ ಮೇಲೆ ನಾನು ಹೇಳಿದ್ದು ವಾಪಸ್ ತೆಗೆದುಕೊಳ್ಳುತ್ತೇನೆ. ಒಂದು ವಾರ, ಮೂರು ದಿನ, ಅರ್ಧ ದಿನ. ಇದನ್ನು ಹೀಗೆಯೇ ಸೊಸೈಟಿಯವರಿಗೆ ಹೇಳಿ.

ಒಂದು ಉಪಯೋಗದ ಮಾತು. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಕೆರೆಯ ಮಧ್ಯೆ ನಿಂತರೆ ಸರ್ವೆ ನಂಬರ್ ತೋರಿಸುತ್ತದೆ. ಅದನ್ನು ಹಿಡಿದು ಪಹಣಿ, ಗ್ರಾಮ ನಕಾಶೆ ತೆಗೆಸಿ. ಗಡಿ ಗೊಂದಲ ಇದ್ದರೆ ಹದ್ದುಬಸ್ತಿಗೆ (ಗಡಿ ಅಳತೆಗೆ) ಅರ್ಜಿ ಹಾಕಿ. ದುಡ್ಡು ಬರುವ ಮೊದಲೇ ಗಡಿ ಕಲ್ಲು ನೆಡಿಸಿದರೆ ಆಮೇಲೆ ಜಗಳ ಇಲ್ಲ. ಒತ್ತುವರಿ ಇದ್ದ ಕೆರೆಗೆ ಎಷ್ಟು ಖರ್ಚು ಮಾಡಿದರೂ ಅದು ಪಕ್ಕದವರ ತೋಟಕ್ಕೇ ಸೇರುತ್ತದೆ.

ಬೆಟ್ಟದ ಮನೆ (ಶಿರಸಿ)

ಎಲ್ಲರೂ ಬೆಟ್ಟಕ್ಕೆ ಖರ್ಚು ಮಾಡಿ ಎನ್ನುತ್ತೀರಿ. ಬೆಟ್ಟ ಯಾಕೆ ಹೀಗಾಯಿತು ಎಂದು ಯಾರೂ ಹೇಳಲಿಲ್ಲ. ನಾವು ತೋಟದವರೇ ಹೇಳಬೇಕು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು) ಸೌಲಭ್ಯ ಬ್ರಿಟಿಷರ ಕಾಲದಿಂದ ಬಂದದ್ದು. ಸೊಪ್ಪು, ದರಕು (ಉದುರಿದ ಒಣ ಎಲೆ) ಎಲ್ಲ ನಮ್ಮ ತೋಟಕ್ಕೆ. ಹಿಂದಿನವರು ಸರದಿ ಮೇಲೆ ಕಡಿಯುತ್ತಿದ್ದರು, ಒಂದು ಕಡೆ ಕಡಿದರೆ ಇನ್ನೊಂದು ಕಡೆ ಬಿಡುತ್ತಿದ್ದರು. ನಾವು ಎಲ್ಲವನ್ನೂ ಗುಡಿಸಿದೆವು. ಬರೀ ನೆಲದ ಮೇಲೆ ಜೂನ್ ತಿಂಗಳ ಮೊದಲ ಮಳೆ ಬಿದ್ದರೆ ಕೆಂಪು ನೀರೇ ಕೆರೆಗೆ ಇಳಿಯುವುದು. ಹೂಳು ಬೇರೆ ಎಲ್ಲಿಂದಲೂ ಬಂದದ್ದಲ್ಲ ಮಾರಾಯ್ರೆ, ನಮ್ಮ ಬೆಟ್ಟದ್ದೇ.

ಕಳವೆಯ ಶಿವಾನಂದ ಕಳವೆಯವರು ಎಷ್ಟೋ ವರ್ಷದಿಂದ ಕಾಡಿನಲ್ಲೇ ನೀರು ಇಂಗಿಸುವ ವಿಷಯ ಹೇಳುತ್ತಿದ್ದಾರೆ, ಮಾಡಿಯೂ ತೋರಿಸಿದ್ದಾರೆ. ನಮ್ಮ ಪೇಟೆಯಲ್ಲಿ 2016-17ರ ಬರಗಾಲದ ನಂತರ ಜೀವಜಲ ಕಾರ್ಯಪಡೆಯವರು ಆನೆಹೊಂಡ, ಶಂಕರಹೊಂಡ ಹೂಳೆತ್ತಿ ಉಳಿಸಿದ್ದನ್ನು ನಾವೆಲ್ಲ ನೋಡಿದ್ದೇವೆ. ಅಲ್ಲಿ ಜನರ ದೇಣಿಗೆ, ಜನರ ಕೈ ಎರಡೂ ಇತ್ತು. ನಮ್ಮೂರಲ್ಲಿ ದೇಣಿಗೆ ಸಿಗುತ್ತದೆ, ಬೆಟ್ಟದಲ್ಲಿ ನೀರಿಗೆ ತಡೆ ಕಟ್ಟಲು ಜನ ಸಿಗುವುದಿಲ್ಲ.

ಏರಿಮನೆ

ಬೆಟ್ಟದ ಮನೆಯವರೇ, ನೀವು ಹೇಳಿದ್ದು ನನಗೂ ಸೇರಿದ ಮಾತು. ಹೋದ ವರ್ಷದವರೆಗೆ ನಾವೂ ದರಕು ಪೂರ್ತಿ ಗುಡಿಸುತ್ತಿದ್ದೆವು. ಕೆರೆ ಮೇಲಿನ ಎರಡು ಎಕರೆ ಬೆಟ್ಟದಲ್ಲಿ ಈ ವರ್ಷದಿಂದ ಗುಡಿಸುವುದು ನಿಲ್ಲಿಸಿದ್ದೇವೆ. ಅಪ್ಪಯ್ಯ ಒಪ್ಪಲು ಒಂದು ತಿಂಗಳು ಬೇಕಾಯಿತು.

ನಿಮ್ಮೆಲ್ಲರ ಮಾತು ಸೇರಿಸಿ ನಿನ್ನೆ ರಾತ್ರಿ ಅರ್ಜಿ ಬರೆದೆ. ಮುಖ್ಯ ಭಾಗ ಇಲ್ಲಿ ಹಾಕುತ್ತೇನೆ, ತಪ್ಪಿದ್ದರೆ ತಿದ್ದಿ.

"ನಾವು ಕೇಳುವ ಎರಡು ಲಕ್ಷ ರೂಪಾಯಿಯನ್ನು ಒಂದೇ ಸಲ ಕೊಡಬೇಡಿ. ಮೊದಲ ವರ್ಷ 80 ಸಾವಿರ ಕೊಡಿ. ಅದರಲ್ಲಿ ಕೆರೆಯ ತಳ ಒಡೆದ ಜಾಗಕ್ಕೆ ಜೇಡಿ ಹಾಕಿ ಗಟ್ಟಿ ಮಾಡುತ್ತೇವೆ, ನೀರು ಬರುವ ಬಾಯಿಯಲ್ಲಿ ಎರಡು ಹೂಳುಗುಂಡಿ ತೋಡುತ್ತೇವೆ, ಬೆಟ್ಟದ ಕೊರಕಲಿಗೆ ಅಲ್ಲೇ ಸಿಗುವ ಕಲ್ಲಿನಿಂದ ತಡೆ ಕಟ್ಟುತ್ತೇವೆ. ಆಮೇಲೆ ನಾಲ್ಕು ವರ್ಷ 30 ಸಾವಿರದಂತೆ ಕೊಡಿ. ಪ್ರತಿ ಏಪ್ರಿಲ್‌ನಲ್ಲಿ ಹೂಳುಗುಂಡಿ ಖಾಲಿ ಮಾಡುವುದು, ಕಾಲುವೆ ಬಿಡಿಸುವುದು, ತೂಬು ನೋಡುವುದು, ಕೆರೆ ನೀರು ನೋಡಿಕೊಳ್ಳುವ ಒಬ್ಬ ನೀರುಗಂಟಿಗೆ ಮಳೆಗಾಲದ ನಾಲ್ಕು ತಿಂಗಳ ಗೌರವಧನ, ಇದಕ್ಕೆಲ್ಲ ಅದು. ತೆಗೆದ ಗೋಡನ್ನು ತೋಟಕ್ಕೆ ಒಯ್ಯುವವರು ಬಾಡಿಗೆ ತಾವೇ ಕೊಡುತ್ತಾರೆ. ಕೆರೆಯಲ್ಲಿ ಅಡಿ ಗುರುತಿನ ಕಂಬ ನೆಡುತ್ತೇವೆ. ಪ್ರತಿ ತಿಂಗಳ ಒಂದನೇ ತಾರೀಕು ನೀರಿನ ಮಟ್ಟವನ್ನೂ, ಕೆಳಗಿನ ಐದು ಬಾವಿಯ ಮಟ್ಟವನ್ನೂ ಶಾಲೆಯ ಮಕ್ಕಳು ಬರೆದು ಶಾಲೆಯ ಗೋಡೆಗೆ ಹಾಕುತ್ತಾರೆ. ಖರ್ಚಿನ ಲೆಕ್ಕವೂ ಅದೇ ಗೋಡೆಯಲ್ಲಿ ಇರುತ್ತದೆ. ಮಟ್ಟ ಬರೆಯದ ವರ್ಷ ಮುಂದಿನ ಕಂತು ನಿಲ್ಲಿಸಿ."

ಕೊನೆಯ ಸಾಲಿಗೆ ಊರಲ್ಲಿ ಗಲಾಟೆಯಾಯಿತು. ನಮಗೆ ನಾವೇ ಯಾಕೆ ಕಟ್ಟು ಹಾಕಿಕೊಳ್ಳುವುದು ಎಂದರು. ನಾನು ತೆಗೆಯಲಿಲ್ಲ.

ಬಕೆಟ್

ಜೇಡಿ ಗುಂಡಿ ತೋಡುವ ದಿನ ಹೇಳಿ, ಮುಂಡಗೋಡದಿಂದ ಬೈಕಿನಲ್ಲಿ ಬರುತ್ತೇನೆ. ಯಂತ್ರ ಬೇಡ, ನೋಡಲಿಕ್ಕೆ. ಹೂಳುಗುಂಡಿಯನ್ನು ಟ್ರ್ಯಾಕ್ಟರ್ ತಲುಪುವ ಜಾಗದಲ್ಲೇ ಮಾಡಿ. ಇಲ್ಲದಿದ್ದರೆ ಎರಡನೇ ವರ್ಷ ಯಾರೂ ಖಾಲಿ ಮಾಡುವುದಿಲ್ಲ.

ಗಜನಿ ಅಕ್ಕ

ನೀರುಗಂಟಿ ಎಂದು ಗಂಡಸರನ್ನೇ ಹುಡುಕಬೇಡಿ. ದಿನಾ ಕೆರೆಗೆ ಹೋಗುವ ಹೆಂಗಸರು ನಿಮ್ಮೂರಲ್ಲೂ ಇರುತ್ತಾರಲ್ಲ, ಅವರನ್ನು ಕೇಳಿ. ಸಮಿತಿಯಲ್ಲೂ ಅರ್ಧ ಜನ ಅವರೇ ಇರಲಿ. ಬ್ಯಾಂಕ್ ಖಾತೆಗೆ ಎರಡು ಸಹಿ ಇಡಿ, ಒಂದು ಮಹಿಳೆಯದ್ದು.

ಮಾಜಿ ಸದಸ್ಯೆ

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ "ನಮ್ಮೂರು ನಮ್ಮ ಕೆರೆ" ಕೆಲಸದಲ್ಲೂ ಊರಿನ ಕೆರೆ ಸಮಿತಿ ಇರುತ್ತದೆ, ಹೂಳು ಸಾಗಿಸುವುದು ರೈತರ ಪಾಲು. ಆ ಸಮಿತಿ ನಡೆಸಿದವರು ನಿಮ್ಮ ತಾಲೂಕಿನಲ್ಲಿ ಯಾರಾದರೂ ಸಿಕ್ಕರೆ ಅವರ ಲೆಕ್ಕದ ಪುಸ್ತಕ ಒಮ್ಮೆ ನೋಡಿಕೊಂಡು ಬನ್ನಿ. ಬರೆಯುವ ಕ್ರಮ ಗೊತ್ತಾಗುತ್ತದೆ.

ಏರಿಮನೆ

ಇವತ್ತು ಮಧ್ಯಾಹ್ನ ಸೊಸೈಟಿ ಮೀಟಿಂಗ್ ಆಯಿತು. ಐದು ವರ್ಷ ಕೊಡಲು ಆಗುವುದಿಲ್ಲ, ಈಗಿನ ಆಡಳಿತ ಮಂಡಳಿಯ ಅವಧಿ ಅಷ್ಟು ಉಳಿದಿಲ್ಲ ಎಂದರು. ಮೂರು ವರ್ಷಕ್ಕೆ ಒಪ್ಪಿದ್ದಾರೆ. ಮೊದಲ ವರ್ಷ 80, ಆಮೇಲೆ ಎರಡು ವರ್ಷ 40, 40. ಮೊತ್ತ ಕಡಿಮೆಯಾಯಿತು, ಆದರೆ ಹಂಚಿ ಕೊಡುವುದಕ್ಕೆ ಒಪ್ಪಿದರಲ್ಲ. ಕಂತು ನಿಲ್ಲಿಸುವ ಸಾಲನ್ನು ಅವರೇ ಗುರುತು ಹಾಕಿ ಇಟ್ಟುಕೊಂಡರು. ಉಳಿದ ಎರಡು ವರ್ಷಕ್ಕೆ ಗೋಡು ಒಯ್ಯುವ ಪ್ರತಿ ಟ್ರ್ಯಾಕ್ಟರ್ ಲೋಡಿಗೆ ಇಷ್ಟು ಎಂದು ಊರಲ್ಲೇ ಎತ್ತಿಡುವ ಮಾತಾಗಿದೆ.

ಬರುವ ಭಾನುವಾರ ಬೆಳಿಗ್ಗೆ ಏಳೂವರೆಗೆ ಗುಂಡಿ ತೋಡಲು ಶುರು. ಆರು ಕಡೆ ಜಾಗ ಗುರುತು ಮಾಡಿದ್ದೇವೆ. ಮುಂಡಗೋಡದ ಅಣ್ಣ, ನೀವು ಬಂದೇ ಬರಬೇಕು. ತಿಂಡಿ ನಮ್ಮ ಮನೆಯಲ್ಲಿ. ಹಕ್ಕಿನೋಟದವರು ಮುಂಡಿಗೆ ಸಸಿ ಎಲ್ಲಿ ಸಿಗುತ್ತದೆ ಎಂದು ತಿಳಿಸಿ. ಯಾರೇ ಬರುವುದಾದರೂ ಗುದ್ದಲಿ ಜೊತೆಗೆ ಒಂದು ಹಳೇ ಕೆಂಪು ಬಟ್ಟೆ ತನ್ನಿ.